ಸಮವಿದ್ದರೂ ಸುಮ್ಮನಿರು

ನಲ್ಲಿಯ ಮುಂದಿನ ಸಾಲಿನಲ್ಲಿ ತಾನೊಬ್ಬನೇ ಗಂಡಸು ಎಂಬುದು ಭೀಮರಾಜನಿಗೆ ಬಿಂದಿಗೆಯನ್ನು ಕೆಳಗಿಟ್ಟ ಮೇಲೆ ಹೊಳೆಯಿತು. ಹೆಂಡತಿ ತವರಿಗೆ ಹೋಗಿ ನಾಲ್ಕು ದಿನವಾಗಿತ್ತು. ದೇವನಹಳ್ಳಿ ಕೋಟೆಯ ಹಿಂದಿನ ಆ ಬೀದಿಗೆ ಬೇಸಿಗೆಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಬೆಳಿಗ್ಗೆ ಒಂದೇ ಒಂದು ಗಂಟೆ. ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಮೇಷ್ಟ್ರು ಲುಂಗಿ ಎತ್ತಿ ಕಟ್ಟಿಕೊಂಡು ಹಸಿರು ಪ್ಲಾಸ್ಟಿಕ್ ಬಿಂದಿಗೆಯ ಪಕ್ಕ ನಿಂತದ್ದನ್ನು ಹೆಂಗಸರು ನೋಡಿಯೂ ನೋಡದ ಹಾಗೆ ಇದ್ದರು. ಅದು ಮರ್ಯಾದೆಯೋ ನಗು ತಡೆದುಕೊಳ್ಳುವ ಉಪಾಯವೋ ಅವನಿಗೆ ತಿಳಿಯಲಿಲ್ಲ. ನೀರು ಸಣ್ಣಗೆ ಬರುತ್ತಿತ್ತು. ಹಾಗೆ ಬಂದ ದಿನ ಆ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಕುಡಿಯುವ ನೀರಿನ ಬಿಂದಿಗೆಗಳು ಮೊದಲು, ಬಟ್ಟೆ ಪಾತ್ರೆಯ ಬಕೆಟ್ಟುಗಳು ಆಮೇಲೆ. ಬೀದಿಗೆಲ್ಲ ಹಿರಿಯಳಾದ ಪಿಳ್ಳಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಸಾಲನ್ನು ಹೊಸದಾಗಿ ಜೋಡಿಸುತ್ತಿದ್ದಳು. ಬಕೆಟ್ಟಿನ ಹಿಂದೆ ಬಿಂದಿಗೆಯಿದ್ದರೆ ಎರಡನ್ನೂ ಅದಲು ಬದಲು ಮಾಡುವುದು, ಮುಂದಕ್ಕೆ ಹೋಗುವುದು, ಮತ್ತೆ ಎರಡನ್ನು ನೋಡುವುದು. ಭೀಮರಾಜನಿಗೆ ಒಳಗೊಳಗೇ ಖುಷಿಯಾಯಿತು. ಅಂಕಿಗಳನ್ನು ಹೀಗೆ ಎರಡೆರಡಾಗಿ ನೋಡಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದು, ಇದನ್ನೇ ತಾನು ಮಕ್ಕಳಿಗೆ ಕಲಿಸುವುದು, ಇದನ್ನೇ ಕಂಪ್ಯೂಟರಿನ ಪರದೆಯ ಮೇಲೆ ಪೆಟ್ಟಿಗೆಗಳಾಗಿ ಕುಣಿಸಿರುವುದು, ಇದನ್ನೇ ಒಯ್ಯಲು ಇವತ್ತು ಹನ್ನೊಂದು ಗಂಟೆಗೆ ಬೆಂಗಳೂರಿನಿಂದ ಒಬ್ಬರು ಬರುತ್ತಿರುವುದು. ಹನ್ನೊಂದು ಗಂಟೆ ನೆನಪಾದದ್ದೇ ಆತುರವೂ ಬಂತು. ಯಾರೂ ನೋಡುತ್ತಿಲ್ಲವೆಂದುಕೊಂಡು ತನ್ನ ಬಿಂದಿಗೆಯನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ಮುಂದಿದ್ದ ಹಿತ್ತಾಳೆ ಬಿಂದಿಗೆಯನ್ನು ದಾಟಿಸಿದ. ಅದು ಪಿಳ್ಳಮ್ಮನದೇ ಆಗಿತ್ತು.

"ಮೇಷ್ಟ್ರೇ, ನಿಮ್ದೂ ಬಿಂದ್ಗೆ, ನಂದೂ ಬಿಂದ್ಗೆ. ಎರಡೂ ಒಂದೇ ಅಂದ್ಮೇಲೆ ಮೊದ್ಲು ಬಂದಿದ್ದು ಹಿಂದುಕ್ ಯಾಕ್ ಹೋಗ್ಬೇಕು?"

ಪಿಳ್ಳಮ್ಮ ಇದನ್ನು ಜಗಳದ ದನಿಯಲ್ಲಿ ಹೇಳಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿ ಬಿಂದಿಗೆಯನ್ನು ಅದರ ಜಾಗಕ್ಕೆ ಇಟ್ಟಳು. ಭೀಮರಾಜ ನಾಚಿಕೊಳ್ಳಬೇಕಾಗಿತ್ತು. ಆದರೆ ನಾಚಿಕೆಗೂ ಮೊದಲು ಇನ್ನೊಂದು ಬಂದು ಎದೆಯಲ್ಲಿ ಕೂತಿತು. ಈ ಮಾತನ್ನು ಅವನು ಎಂಟು ದಿನದ ಹಿಂದೆ ಕೇಳಿದ್ದ. ಲ್ಯಾಬಿನಲ್ಲಿ, ಮೂರನೇ ಕಂಪ್ಯೂಟರಿನ ಮುಂದೆ ಕೂತು, ಆವತಿಯಿಂದ ಬರುವ ಶಿಲ್ಪ ಎಂಬ ಹುಡುಗಿ, ಪರದೆಯಿಂದ ಕಣ್ಣು ತೆಗೆಯದೆ ಕೇಳಿದ್ದಳು: ಸಾ, ಎರಡೂ ಎಂಟೇ ಅಲ್ವಾ ಸಾ, ಮುಂದಿರೋದು ಹಿಂದುಕ್ ಯಾಕೆ ಹೋಗ್ಬೇಕು. ಅವಳ ಪರದೆ ಕೆಂಪಾಗಿತ್ತು. ಕೆಂಪಾಗಿದೆ ಎಂದರೆ ತಪ್ಪಾಗಿದೆ ಎಂದರ್ಥ, ಹಾಗೆಂದು ಬರೆದವನು ತಾನೇ. ಈಗ ಬಿಂದಿಗೆಯ ಮುಂದೆ ನಿಂತು ಅವನ ಮನಸ್ಸು ತಾನು ಬರೆದ ಪ್ರೋಗ್ರಾಮಿನ ಸಾಲುಗಳನ್ನು ಒಂದೊಂದಾಗಿ ಓದಿಕೊಂಡು ಹೋಯಿತು, ಒಂದು ಸಾಲಿನ ಹತ್ತಿರ ನಿಂತಿತು. ಮುಂದಿರುವುದು ದೊಡ್ಡದಿದ್ದರೆ ಅದಲು ಬದಲು ಎಂದು ಬರೆಯಬೇಕಾದ ಕಡೆ, ದೊಡ್ಡದಿದ್ದರೆ ಅಥವಾ ಸಮವಿದ್ದರೆ ಎಂದು ಬರೆದಿದ್ದ. ಕೈ ತಪ್ಪಿ ಬಿದ್ದ ಒಂದು ಸಮದ ಗುರುತು. ಅವನ ಸರದಿ ಬಂದು, ಬಿಂದಿಗೆ ತುಂಬಿ, ತುಂಬಿದ್ದು ಚೆಲ್ಲಿ ಕಾಲಿನ ಮೇಲೆ ಹರಿದರೂ ಅವನು ಅಲ್ಲಿಯೇ ನಿಂತಿದ್ದ. ನೀರು ಪೋಲಾಗ್ತೈತೆ ಎಂದು ಯಾರೋ ಎಚ್ಚರಿಸಿದರು.

ಮನೆಯಿಂದ ಕಾಲೇಜಿಗೆ ಹತ್ತು ನಿಮಿಷದ ಹಾದಿ. ಆ ಹಾದಿಯುದ್ದಕ್ಕೂ ಅವನು ತನ್ನ ಪರವಾಗಿ ವಾದಿಸಿದ. ಎಲ್ಲರೂ ತಪ್ಪು ಮಾಡುತ್ತಾರೆ. ಸಮವಾದ ಅಂಕಿಗಳಿಲ್ಲದ ಸಾಲುಗಳಲ್ಲಿ ಎಷ್ಟೋ ಸಲ ಪರೀಕ್ಷೆ ಮಾಡಿ ನೋಡಿದ್ದ, ಎಲ್ಲ ಸರಿಯಿತ್ತು. ಮೂರು, ಎಂಟು, ಒಂದು, ಆರು, ಎಂಟು, ಎರಡು ಎಂಬ ಆ ಸಾಲನ್ನು ಕೊನೆಗೆ ಸೇರಿಸಿದ್ದು ಬರಿಯ ಚೆಂದಕ್ಕೆ; ಒಂದು ಎಂಟಕ್ಕೆ ನೀಲಿ ಬಣ್ಣ, ಇನ್ನೊಂದಕ್ಕೆ ಹಳದಿ, ಯಾವುದು ಯಾವುದೆಂದು ಮಕ್ಕಳಿಗೆ ಗುರುತು ಸಿಗಲಿ ಎಂದು. ಪರದೆಯ ಮೇಲೆ ಎರಡೆರಡು ಪೆಟ್ಟಿಗೆಗಳು ಮಿನುಗುತ್ತವೆ, ಕೆಳಗೆ ಎರಡು ಗುಂಡಿ, ಒಂದು ಅದಲು ಬದಲಿಗೆ, ಒಂದು ಸುಮ್ಮನಿರುವುದಕ್ಕೆ. ಸರಿಯಾದದ್ದನ್ನು ಒತ್ತಿದರೆ ಹಸಿರಾಗಿ ಮುಂದಕ್ಕೆ ಹೋಗುತ್ತದೆ, ತಪ್ಪು ಒತ್ತಿದರೆ ಕೆಂಪು, ಒಂದು ಕೀರಲು ಸದ್ದು, ಹತ್ತರಲ್ಲಿ ಒಂದು ಅಂಕ ಖೋತಾ. ತರಗತಿಯಲ್ಲಿ ಮಿಕ್ಕವರೆಲ್ಲ ನಾಲ್ಕನೇ ಹೆಜ್ಜೆಯಲ್ಲಿ ಎಂಟು ಎಂಟು ಎದುರಾದಾಗ ಒಮ್ಮೆ ಕೆಂಪು ಕಂಡು ಇನ್ನೊಂದು ಗುಂಡಿ ಒತ್ತಿ ದಾಟಿಕೊಂಡಿದ್ದರು, ಪಕ್ಕದವರಿಂದ ಕೇಳಿ ತಿಳಿದವರು ಕೆಂಪನ್ನೂ ಕಾಣದೆ ದಾಟಿದ್ದರು. ಎಲ್ಲರಿಗೂ ಒಂಬತ್ತೋ ಹತ್ತೋ. ಶಿಲ್ಪ ಮಾತ್ರ ಸುಮ್ಮನಿರುವ ಗುಂಡಿಯನ್ನೇ ಒತ್ತಿದಳು, ಕೆಂಪಾಯಿತು. ಮತ್ತೆ ಅದನ್ನೇ ಒತ್ತಿದಳು. ಅವಳಿಗೆ ಉಳಿದದ್ದು ನಾಲ್ಕು. ಎಲ್ಲರೂ ತಪ್ಪು ಮಾಡುತ್ತಾರೆ, ನಿಜ. ಆದರೆ ಎಲ್ಲರೂ ಆಮೇಲೆ ತಾನು ಆಡಿದಂಥ ಮಾತನ್ನು ಆಡುವುದಿಲ್ಲ. ಅವಳ ಬೆನ್ನ ಹಿಂದೆ ನಿಂತು, ಇಡೀ ಲ್ಯಾಬಿಗೆ ಕೇಳುವ ಹಾಗೆ, "ಏನಮ್ಮ, ಕಂಪ್ಯೂಟರ್‌ಗೇ ಪಾಠ ಹೇಳ್ಕೊಡೋಕ್ ಬಂದಿದ್ದೀಯಾ?" ಎಂದಿದ್ದ. ಮಕ್ಕಳೆಲ್ಲ ನಕ್ಕಿದ್ದರು. ಒಂಬತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಅವನ ಮಾತಿಗೆ ಒಂದು ತರಗತಿ ನಕ್ಕಿದ್ದು ಅದೇ ಮೊದಲು, ಮತ್ತು ಅವನಿಗೆ ಅದು ಬಹಳ ಇಷ್ಟವಾಗಿತ್ತು. ಆ ಇಷ್ಟದ ನೆನಪೇ ಈಗ ಅವನನ್ನು ಎಲ್ಲಕ್ಕಿಂತ ಹೆಚ್ಚು ಹಿಂಸಿಸಿತು. ಮಾರನೆಯ ದಿನದಿಂದ ಶಿಲ್ಪ ಕಾಲೇಜಿಗೆ ಬಂದಿರಲಿಲ್ಲ.

ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಧೂಳು ಹೋದರೆ ಯಂತ್ರ ಕೆಡುತ್ತದೆಂದು ಹಿಂದಿನ ಪ್ರಿನ್ಸಿಪಾಲರು ಮಾಡಿದ ನಿಯಮ. ಈಗ ಅದು ಗುಡಿಯ ನಿಯಮದಷ್ಟೇ ಗಟ್ಟಿಯಾಗಿದೆ. ಅಟೆಂಡರ್ ಲಕ್ಷ್ಮಯ್ಯ ಆಯುಧಪೂಜೆಯಲ್ಲಿ ಎಂಟೂ ಕಂಪ್ಯೂಟರಿಗೆ ಕುಂಕುಮ ಇಟ್ಟವನು, ಕೆಟ್ಟು ನಿಂತ ಮೂರಕ್ಕೂ ಸೇರಿಸಿ. ಆರು ತಿಂಗಳು ದಾಟಿದರೂ ಆ ಕುಂಕುಮವನ್ನು ಒರೆಸಲು ಯಾರಿಗೂ ಬಿಡುವುದಿಲ್ಲ. ಭೀಮರಾಜ ಬಾಗಿಲಲ್ಲಿ ನಿಂತು ಚಪ್ಪಲಿಗಳನ್ನು ನೋಡಿದ. ಶಿಲ್ಪಳ ಚಪ್ಪಲಿ ಅವನಿಗೆ ಗೊತ್ತಿತ್ತು, ಎಡಗಾಲಿನದಕ್ಕೆ ಬಾರು ಕಿತ್ತು ಪಿನ್ನು ಹಾಕಿದ್ದು. ಇರಲಿಲ್ಲ. ಅವನಿಗೆ ಹಾಯೆನಿಸಿತು. ಹಾಯೆನಿಸಿದ ಮರುಕ್ಷಣವೇ ಅದು ಎಂಥ ನೆಮ್ಮದಿ ಎಂದು ಹೊಳೆದು ಮೈ ಬಿಸಿಯಾಯಿತು. ಹುಡುಗಿ ಓದು ಬಿಟ್ಟಿದ್ದರೂ ಇರಬಹುದು. ಮನೆಯವರು ಸಾಕು ಬಿಡು ಎಂದಿರಬಹುದು. ಎಂಟು ದಿನದ ಗೈರುಹಾಜರಿ ಕಂಡು ಇವತ್ತೇ ನಾನು ಆವತಿಗೆ ಹೋಗಬೇಕಾದವನು, ಚಪ್ಪಲಿ ಕಾಣದ್ದಕ್ಕೆ ಹಾಯೆಂದು ನಿಂತಿದ್ದೇನಲ್ಲ. ಆವತಿ ಅವನ ಊರೂ ಹೌದು. ಅಲ್ಲಿಯ ಶಾಲೆಯಲ್ಲಿ ಐದನೆಯ ಕ್ಲಾಸಿನ ಹುಡುಗ ಸ್ಲೇಟು ಹಿಡಿದು ನಿಂತಿದ್ದಾನೆ, ಮೇಷ್ಟ್ರು ಲೆಕ್ಕದ ಪುಸ್ತಕದ ಕೊನೆಯ ಪುಟ ತೆರೆದು ಉತ್ತರ ನೋಡುತ್ತಾರೆ, ಹುಡುಗನದು ಹದಿನೆಂಟು, ಪುಸ್ತಕದ್ದು ಹದಿನಾರು. ಮತ್ತೆ ಮಾಡು ಎನ್ನುತ್ತಾರೆ. ಮತ್ತೆ ಹದಿನೆಂಟೇ ಬರುತ್ತದೆ. ಮೂರನೆಯ ಸಲ ಹುಡುಗ ಲೆಕ್ಕವನ್ನು ಮಾಡುವುದೇ ಇಲ್ಲ. ಎಂಟನ್ನು ಒದ್ದೆ ಬೆರಳಿನಿಂದ ಒರೆಸಿ ಆರು ಬರೆಯುತ್ತಾನೆ. ಶಭಾಷ್ ಎಂದು ಬೆನ್ನು ತಟ್ಟಿದ ಕೈ ಈಗಲೂ ಭೀಮರಾಜನ ಬೆನ್ನ ಮೇಲೆಯೇ ಇದ್ದ ಹಾಗಿದೆ. ಮುಂದಿನ ವರ್ಷ ಹೊಸ ಪುಸ್ತಕದಲ್ಲಿ ಉತ್ತರ ಹದಿನೆಂಟು ಎಂದು ತಿದ್ದಿ ಅಚ್ಚಾಗಿತ್ತು. ಅದನ್ನು ಕಂಡರೂ ಹುಡುಗ ಯಾರಿಗೂ ಹೇಳಲಿಲ್ಲ.

ಅವನು ಕೂತು ಪ್ರೋಗ್ರಾಮ್ ತೆರೆದು ಆ ಗುರುತನ್ನು ಅಳಿಸಿದ. ಇಡೀ ಕೆಲಸಕ್ಕೆ ಐದು ನಿಮಿಷ ಹಿಡಿಯಿತು. ಸಾಲನ್ನು ಓಡಿಸಿ ನೋಡಿದ. ನೀಲಿ ಎಂಟು ಮುಂದೆ, ಹಳದಿ ಎಂಟು ಹಿಂದೆ, ಬಂದ ಸರದಿಯಲ್ಲೇ ನಿಂತುಕೊಂಡವು. ತಿದ್ದಿದ್ದನ್ನು ಎರಡು ಫ್ಲಾಪಿಗೆ ಹಾಕಿದ, ಕೆಡದೆ ಉಳಿದ ಕಂಪ್ಯೂಟರುಗಳಿಗೂ ಹಾಕಿದ. ಮತ್ತೆ ಹಾಯೆನಿಸಿತು, ಈ ಸಲ ಇನ್ನೂ ಚೆನ್ನಾಗಿ. ತಪ್ಪು ಇತ್ತೆಂಬುದಕ್ಕೆ ಈಗ ಜಗತ್ತಿನಲ್ಲಿ ಯಾವ ಸಾಕ್ಷಿಯೂ ಇಲ್ಲ. ಇಲ್ಲ, ಒಂದಿದೆ. ಪ್ರತಿಯೊಬ್ಬ ವಿದ್ಯಾರ್ಥಿ ಯಾವ ಹೆಜ್ಜೆಯಲ್ಲಿ ಯಾವ ಗುಂಡಿ ಒತ್ತಿದ, ಎಷ್ಟು ಹೊತ್ತು ಯೋಚಿಸಿದ, ಎಲ್ಲವನ್ನೂ ಬರೆದಿಡುವ ಏರ್ಪಾಡನ್ನು ಅವನೇ ಮಾಡಿದ್ದ, ಅದೇ ತನ್ನ ಹೆಮ್ಮೆಯೆಂದು ಬೆಂಗಳೂರಿಗೆ ಪತ್ರವನ್ನೂ ಬರೆದಿದ್ದ. ಶಿಲ್ಪಳ ದಾಖಲೆ ಮೂರನೇ ಕಂಪ್ಯೂಟರಿನಲ್ಲಿತ್ತು. ಅಳಿಸಿಬಿಡಬಹುದು. ಅವಳ ನಾಲ್ಕನ್ನು ಒಂಬತ್ತು ಮಾಡಿ ಅಂಕಪಟ್ಟಿಯಲ್ಲಿ ತಾನೇ ತಿದ್ದಿದರೆ ಯಾರು ಕೇಳುತ್ತಾರೆ, ಹುಡುಗಿಗೂ ನ್ಯಾಯ ಸಿಕ್ಕಿತು, ತನಗೂ ತೊಂದರೆಯಿಲ್ಲ. ಹೀಗೆ ಯೋಚಿಸುತ್ತ ಮೂರನೇ ಕಂಪ್ಯೂಟರಿನ ಮುಂದೆ ಹೋಗಿ ಕೂತ. ಕೀಲಿಗಳ ಮೇಲೆ ಕೈಯಿಡುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಯಾರೋ ತನ್ನ ಕೈ ಹಿಡಿದು ತಡೆದ ಹಾಗೆ ಅವನಿಗೆ ಅದೂ ಒಂದು ನೆಮ್ಮದಿಯೇ ಆಯಿತು. ಅಳಿಸಲೂ ಆಗುವುದಿಲ್ಲ, ತೋರಿಸಲೂ ಆಗುವುದಿಲ್ಲ. ಕರೆಂಟು ಇಲ್ಲದ ಲ್ಯಾಬಿನಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ.

ಹನ್ನೊಂದು ಗಂಟೆಗೆ ಉಮಾಶಂಕರ್ ಬಂದರು. ಬೆಂಗಳೂರಿನ ಒಂದು ದೂರಶಿಕ್ಷಣ ಸಂಸ್ಥೆಯವರು, ಐವತ್ತು ದಾಟಿದವರು, ಬಸ್ಸಿನಲ್ಲಿ ನಿಂತುಕೊಂಡೇ ಬಂದು ಬೆವರಿದ್ದರು. ಜೂನ್ ತಿಂಗಳಿನಿಂದ ಅವರು ಇಂಟರ್ನೆಟ್ಟಿನಲ್ಲಿ ಪ್ರೋಗ್ರಾಮಿಂಗ್ ಪಾಠ ಶುರು ಮಾಡುವವರಿದ್ದರು. ಕಂಪ್ಯೂಟರ್ ಮತ್ತು ಫೋನು ಇದ್ದವರು ಮನೆಯಲ್ಲೇ ಕೂತು ಓದಬಹುದು, ಅಭ್ಯಾಸ ಮಾಡಬಹುದು, ತೊಂಬತ್ತೊಂಬತ್ತನೇ ಇಸವಿಯಲ್ಲಿ ಇದೆಲ್ಲ ಸಾಧ್ಯವಿದೆ, ಮುಂದೆ ಎಲ್ಲ ಹೀಗೆಯೇ ಎಂದು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತ ವಿವರಿಸಿದರು. ಭೀಮರಾಜನ ಅಭ್ಯಾಸಗಳನ್ನು ಅವರು ಮೊದಲ ಪಾಠದಲ್ಲೇ ಹಾಕುವವರಿದ್ದರು, ಕೆಳಗೆ ಅವನ ಹೆಸರು, ಊರು. ಕಲಿಯುವವನ ಪಕ್ಕ ಮೇಷ್ಟ್ರು ಇಲ್ಲದಿದ್ದರೂ ನಡೆಯುತ್ತದಲ್ಲ, ಅದೇ ನನಗೆ ಹಿಡಿಸಿದ್ದು ಎಂದರು. ಭೀಮರಾಜ ತಲೆಯಾಡಿಸಿದ. ಪಕ್ಕದಲ್ಲಿ ಮೇಷ್ಟ್ರು ಇಲ್ಲ. ಕೆಂಪಾದರೆ ಕೆಂಪೇ. ಯಾವುದೋ ಊರಿನ ಯಾವುದೋ ಮನೆಯಲ್ಲಿ ಒಂದು ಹುಡುಗಿ ಸರಿಯಾದದ್ದನ್ನೇ ಒತ್ತಿ, ಕೆಂಪು ಕಂಡು, ಮತ್ತೆ ಒತ್ತಿ, ಆಮೇಲೆ ತನಗೆ ಇದೆಲ್ಲ ಹತ್ತುವುದಿಲ್ಲವೆಂದು ಎದ್ದುಹೋಗುತ್ತಾಳೆ. ಅವಳು ಎದ್ದುಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ, ನಗುವುದಕ್ಕೂ ಯಾರೂ ಇರುವುದಿಲ್ಲ. ತಿದ್ದಿಯಾಗಿದೆ ಎಂದು ಅವನು ತನಗೇ ಹೇಳಿಕೊಂಡ. ತಿದ್ದಿಯಾಗಿದೆ ನಿಜ, ಆದರೆ ಒಬ್ಬ ಹುಡುಗಿ ಎದ್ದುಹೋಗಿಯೂ ಆಗಿದೆ.

ಹನ್ನೆರಡಾದರೂ ಕರೆಂಟು ಬರಲಿಲ್ಲ. ಉಮಾಶಂಕರ್ ಗಡಿಯಾರ ನೋಡಿ, ಓಡಿಸಿ ನೋಡದಿದ್ದರೂ ಪರವಾಗಿಲ್ಲ, ಹಿಂದಿನ ತಿಂಗಳು ನೀವು ಕಳಿಸಿದ್ದನ್ನು ನಮ್ಮಲ್ಲಿ ನಾಲ್ಕು ಜನ ನೋಡಿ ಸರಿಯಿದೆ ಅಂದಿದ್ದಾರೆ, ಫ್ಲಾಪಿ ಕೊಟ್ಟುಬಿಡಿ, ಒಂದು ಗಂಟೆಯ ಬಸ್ಸಿಗೆ ಹೋಗುತ್ತೇನೆ ಎಂದರು. ಹಿಂದಿನ ತಿಂಗಳು ಕಳಿಸಿದ್ದರಲ್ಲಿ ಆ ಗುರುತು ಇತ್ತು. ನಾಲ್ಕು ಜನ ನೋಡಿದ್ದರು, ನಾಲ್ವರೂ ಹಿಡಿದಿರಲಿಲ್ಲ. ಭೀಮರಾಜ ಫ್ಲಾಪಿಗಳನ್ನು ಜೇಬಿನಿಂದ ತೆಗೆದು ಕೊಟ್ಟ. ಅವರು ಅವನ್ನು ಕಂದು ಲಕೋಟೆಗೆ ಹಾಕಿ ಚೀಲದಲ್ಲಿಟ್ಟು ಜಿಪ್ಪು ಎಳೆದರು. ಜಿಪ್ಪಿನ ಸದ್ದು ಕೇಳಿದಾಗ ಅವನಿಗೆ ಬೆಳಗಿನಿಂದ ಬಂದ ಎಲ್ಲ ನೆಮ್ಮದಿಗಳಿಗಿಂತ ದೊಡ್ಡ ನೆಮ್ಮದಿ ಬಂತು. ಮುಗಿಯಿತು. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರೆ, ನನಗೋ ಕರೆಂಟಿನ ನೆವ, ಬಸ್ಸಿನ ನೆವ, ದೇವರೇ ಒಂದೊಂದಾಗಿ ಕಳಿಸಿಕೊಡುತ್ತಿದ್ದಾನೆ ಎಂದುಕೊಂಡ. ಅವರನ್ನು ಬೀಳ್ಕೊಡಲು ಜೊತೆಯಲ್ಲಿ ಹೊರಟ. ದಾರಿಯಲ್ಲೇ ಲ್ಯಾಬು, ಬೀಗ ಹಾಕಿ ಬರುತ್ತೇನೆಂದು ಆ ಕಡೆ ತಿರುಗಿದವನು ಬಾಗಿಲಲ್ಲಿ ನಿಂತ. ಚಪ್ಪಲಿಗಳ ಸಾಲಿನ ಕೊನೆಯಲ್ಲಿ, ಎಡಗಾಲಿನದಕ್ಕೆ ಪಿನ್ನು ಹಾಕಿದ ಜೋಡಿ ಇತ್ತು.

ಅವನು ಆ ಪಿನ್ನನ್ನು ಎಷ್ಟು ಹೊತ್ತು ನೋಡಿದನೋ ಗೊತ್ತಿಲ್ಲ. ಹಿತ್ತಾಳೆಯ ಸಣ್ಣ ಪಿನ್ನು, ಬಾರನ್ನೂ ಅಟ್ಟೆಯನ್ನೂ ಕಚ್ಚಿ ಹಿಡಿದಿತ್ತು. ಒಳಗೆ ಮಧ್ಯಾಹ್ನದ ಲ್ಯಾಬಿಗೆ ಬಂದ ಅವಳ ಬ್ಯಾಚಿನ ಹನ್ನೆರಡು ಮಕ್ಕಳು ಕತ್ತಲು ಪರದೆಗಳ ಮುಂದೆ ಕೂತು ಮಾತಾಡುತ್ತಿದ್ದರು. ಉಮಾಶಂಕರ್ ಹಿಂದಿನಿಂದ ಬಂದು, ಏನ್ರೀ ಆಯ್ತು ಎಂದು ಕೇಳಿದರು. ಸಾರ್, ಸ್ವಲ್ಪ ನಿಲ್ಲಿ, ಕರೆಂಟು ಬರೋವರೆಗೂ ನಿಲ್ಲಿ ಎಂದ ಭೀಮರಾಜ. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. ಬಸ್ಸು ಹೋಗುತ್ತಲ್ಲ ಎಂದು ಅವರು ಅನ್ನುವುದಕ್ಕೂ, ಒಳಗೆ ಫ್ಯಾನು ತಿರುಗುವುದಕ್ಕೂ, ಮಕ್ಕಳು ಹೋ ಎನ್ನುವುದಕ್ಕೂ ಸರಿಹೋಯಿತು. ಇನ್ನು ಯಾವ ನೆವವೂ ಉಳಿದಿರಲಿಲ್ಲ. ಉಮಾಶಂಕರ್ ಗೊಣಗಿಕೊಂಡು ಶೂ ಬಿಚ್ಚಿದರು.

ಶಿಲ್ಪ ಮೂರನೇ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು. ಮುಖ ಸಣ್ಣಗಾಗಿತ್ತು. ಹಣೆಯ ಮೇಲೆ, ಕೆನ್ನೆಯ ಮೇಲೆ, ಮುಂಗೈಯ ಮೇಲೆ ಒಣಗಿದ ಕಪ್ಪು ಚುಕ್ಕೆಗಳು. ಎದ್ದು ನಿಂತು, "ಅಮ್ಮ ಆಗಿತ್ತು ಸಾ. ನಿನ್ನೆ ಬೇವಿನ್ ಸೊಪ್ಪಿನ್ ನೀರು ಹುಯ್ದ್ರು" ಎಂದಳು. ಗೈರುಹಾಜರಿಗೆ ಚೀಟಿ ತಂದಿದ್ದಳು, ಪುಸ್ತಕದೊಳಗಿನಿಂದ ತೆಗೆದು ಕೊಟ್ಟಳು. ಭೀಮರಾಜ ಚೀಟಿಯನ್ನು ಹಿಡಿದು ನಿಂತ. ಮೈಮೇಲೆ ಗುಳ್ಳೆ ಎದ್ದು ಮಲಗಿದ್ದಳು. ನನ್ನ ಮಾತಿಗಲ್ಲ, ನನ್ನಿಂದಲ್ಲ. ಮತ್ತೊಂದು ನೆಮ್ಮದಿ ನೀರಿನ ಹಾಗೆ ಮೈಯಲ್ಲಿ ಇಳಿಯಿತು, ಅದರ ಹಿಂದೆಯೇ ಅದರ ಮಾತೂ ಕೇಳಿಸಿತು: ಇನ್ನು ಹೇಳಬೇಕಾದ್ದೇನೂ ಇಲ್ಲವಲ್ಲ, ಹುಡುಗಿ ಮರೆತಿದ್ದಾಳೆ, ಎಲ್ಲ ತಾನೇ ಸರಿಹೋಗಿದೆ. ಅವನಿಗೆ ತನ್ನ ಮೇಲೆ ಸಿಟ್ಟು ಬಂತು. ಹುಡುಗಿಯ ಮೈಮೇಲೆ ಅಮ್ಮ ಎದ್ದದ್ದಕ್ಕೆ ಸಂತೋಷಪಡುವ ಮಟ್ಟಕ್ಕೆ ಬಂದೆನಲ್ಲ ಎಂದುಕೊಂಡ. ಕುರ್ಚಿ ಎಳೆದು ಅವಳ ಪಕ್ಕ ಕೂತು, ಅವಳ ಹಳೆಯ ದಾಖಲೆಯನ್ನು ತಿದ್ದಿದ ಪ್ರೋಗ್ರಾಮಿಗೆ ಕೊಟ್ಟು ಓಡಿಸಿದ. ಎಲ್ಲರೂ ಬನ್ನಿ, ಇಲ್ಲಿ ನೋಡಿ ಎಂದು ಕರೆದ. ಮಕ್ಕಳು ಬಂದು ಸುತ್ತ ನಿಂತರು, ಉಮಾಶಂಕರರಿಗೆ ದಾರಿ ಬಿಟ್ಟರು.

ದಾಖಲೆ ಗುಂಡಿಗಳನ್ನಷ್ಟೇ ಅಲ್ಲ, ಹೊತ್ತನ್ನೂ ಇಟ್ಟುಕೊಂಡಿತ್ತು. ಶಿಲ್ಪ ಅವತ್ತು ಎಷ್ಟು ಯೋಚಿಸಿದ್ದಳೋ ಅಷ್ಟೇ ಹೊತ್ತು ಪರದೆಯೂ ಯೋಚಿಸುತ್ತಿತ್ತು. ಮೂರು ಮತ್ತು ಎಂಟು ಮಿನುಗಿದವು, ಸುಮ್ಮನಿರು, ಹಸಿರು. ಎಂಟು ಮತ್ತು ಒಂದು, ಅದಲು ಬದಲು, ಹಸಿರು. ಎಂಟು ಮತ್ತು ಆರು, ಹಸಿರು. ಆಮೇಲೆ ನೀಲಿ ಎಂಟು, ಹಳದಿ ಎಂಟು. ನಾಲ್ಕು ಸೆಕೆಂಡಿಗೆ ಅವಳು ಸುಮ್ಮನಿರು ಒತ್ತಿದ್ದಳು. ಹಸಿರು. ಅವತ್ತು ಇಲ್ಲಿ ಕೆಂಪಾಗಿತ್ತು. ದಾಖಲೆಯಲ್ಲಿ ಮುಂದಿನ ಒತ್ತೂ ಅದೇ ಹೆಜ್ಜೆಯದಾದ್ದರಿಂದ ಪರದೆ ಅಲ್ಲಿಯೇ ನಿಂತಿತು, ಇಪ್ಪತ್ತು ಸೆಕೆಂಡು, ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಅವಳು ಏನು ಮಾಡಿದ್ದಳು? ನೋಟ್ಸು ತೆರೆದು ನೋಡಿದ್ದಳು, ಈಗ ಅವನಿಗೆ ನೆನಪಾಯಿತು, ನೋಟ್ಸು ನೋಡಬೇಡ ಎಂದು ತಾನೇ ದೂರದಿಂದ ಕೂಗಿದ್ದ. ಮತ್ತೆ ಸುಮ್ಮನಿರು, ಹಸಿರು. ಮತ್ತೆ, ಮತ್ತೆ. ನಾಲ್ಕು ಸಲವಾದ ಮೇಲೆ ಪರದೆ ಎರಡು ನಿಮಿಷ ಅಲ್ಲಾಡಲಿಲ್ಲ. ಆ ಎರಡು ನಿಮಿಷ ಯಾವುದೆಂದು ಸುತ್ತ ನಿಂತ ಮಕ್ಕಳಿಗೂ ಗೊತ್ತಿತ್ತು. ಅವನು ಬೆನ್ನ ಹಿಂದೆ ಬಂದು ನಿಂತ ನಿಮಿಷ, ಅವಳು ಪ್ರಶ್ನೆ ಕೇಳಿದ ನಿಮಿಷ, ಅವನು ಆ ಮಾತನ್ನು ಆಡಿದ ನಿಮಿಷ, ಅವರು ನಕ್ಕ ನಿಮಿಷ. ನಗುವೆಲ್ಲ ಮುಗಿಯುವಷ್ಟು ಹೊತ್ತು ಪೆಟ್ಟಿಗೆಗಳು ಮಿನುಗುತ್ತಲೇ ಇದ್ದವು. ಇಲ್ಲಿಗೆ ಅವಳು ಎದ್ದಿರಬೇಕು ಎಂದು ಭೀಮರಾಜ ಅಂದುಕೊಂಡ. ಇಲ್ಲ. ಅಷ್ಟಾದ ಮೇಲೂ ಅವಳು ಒತ್ತಿದ್ದಳು. ಸುಮ್ಮನಿರು. ಇನ್ನೊಮ್ಮೆ, ಸುಮ್ಮನಿರು. ಆರು ಹಸಿರು. ಹದಿನಾರು ಎಂದು ತಿದ್ದಿ ಬರೆದ ಸ್ಲೇಟು ಅವನ ಕಣ್ಣ ಮುಂದೆ ಬಂತು. ದಾಖಲೆ ಅಲ್ಲಿಗೆ ಮುಗಿಯಿತು.

"ಯಂತ್ರ ತಪ್ಪು ಹೇಳ್ತಿತ್ತು, ನಾನೇ ತಪ್ಪು ಬರೆದಿದ್ದೆ. ಇವಳು ಸರಿ ಮಾಡಿದ್ಳು. ಅದು ಗೊತ್ತಿಲ್ದೆ ಇವಳನ್ನ ನಿಮ್ಮೆಲ್ರ ಎದುರಿಗೆ ಹಂಗಿಸ್ದೆ. ತಪ್ಪಾಯ್ತು ಶಿಲ್ಪ."

ಶಿಲ್ಪ ಗಾಬರಿಯಾದಳು. ಮೇಷ್ಟ್ರು ತಪ್ಪಾಯಿತು ಎಂದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಮುಂಗೈಯ ಮೇಲಿನ ಒಂದು ಚುಕ್ಕೆಯನ್ನು ಕೆರೆದುಕೊಂಡು, ನೋಟ್ಸಿನ ಪುಟ ತಿರುಗಿಸಿ ಅವನ ಮುಂದಿಟ್ಟಳು. ಅವನು ಜನವರಿಯಲ್ಲಿ ಬರೆಸಿದ ಪಾಠ, ಅವಳ ದುಂಡು ಅಕ್ಷರ: ಮುಂದಿರುವುದು ದೊಡ್ಡದಿದ್ದರೆ ಮಾತ್ರ ಅದಲು ಬದಲು. ಚಿಕ್ಕದಿದ್ದರೆ ಸುಮ್ಮನಿರು. ಸಮವಿದ್ದರೂ ಸುಮ್ಮನಿರು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

"ನೀವೇ ಹೇಳಿದ್ರಲ್ಲ ಸಾ, ಗೆರೆ ಎಳ್ಕೊಳ್ಳಿ ಅಂತ. ಮಿಷನ್ ಬೇರೆ ಹೇಳ್ತಿತ್ತು. ನಾನು ನೀವ್ ಹೇಳಿದ್ನೇ ಒತ್ತಿದೆ."

ಎಂಟು ದಿನ ಅವಳು ತನ್ನನ್ನು ಏನೆಂದುಕೊಂಡಿರಬಹುದು ಎಂದು ಅವನು ಬೆಳಗಿನಿಂದ ಕಲ್ಪಿಸಿಕೊಂಡದ್ದೆಲ್ಲ ಒಂದು, ಇದು ಇನ್ನೊಂದು. ಅವಳು ಅಂದುಕೊಂಡದ್ದು ಇಷ್ಟೇ: ಮೇಷ್ಟ್ರು ಹೇಳಿದ್ದು ಸರಿ. ಬೆನ್ನ ಹಿಂದೆ ನಿಂತು ಹಂಗಿಸಿದವನನ್ನು ಬಿಟ್ಟು, ಜನವರಿಯಲ್ಲಿ ಪಾಠ ಬರೆಸಿದವನ ಮಾತನ್ನು ಹಿಡಿದು ಆರು ಸಲ ಒತ್ತಿದ್ದಳು. ಹಾಗೆ ಬರೆಸಿದವನೊಬ್ಬ ತನ್ನಲ್ಲಿ ಇದ್ದದ್ದು ತನಗೇ ಮರೆತುಹೋಗಿತ್ತು. ಅವನಿಗೆ ಕಣ್ಣು ತುಂಬಿ ಬಂತು, ಮಕ್ಕಳಿಗೆ ಕಾಣದಿರಲೆಂದು ನೋಟ್ಸಿನ ಮೇಲೆ ಬಗ್ಗಿದ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ, ಹಂಗಾದ್ರೆ ನಮ್ ಹತ್ತು ಸಾ ಎಂದು ಸಣ್ಣ ದನಿಯಲ್ಲಿ ಕೇಳಿದ. ನಿಮ್ಮ ಹತ್ತು ಹೋಯಿತು, ಎಲ್ಲರೂ ಮತ್ತೆ ಮಾಡಬೇಕು, ಪ್ರಿನ್ಸಿಪಾಲರ ಹತ್ತಿರ ಹೋಗಿ ಪಟ್ಟಿ ನಾನೇ ವಾಪಸ್ಸು ತರುತ್ತೇನೆ ಎಂದ ಭೀಮರಾಜ. ಏನಂತ ಹೇಳ್ತೀರಾ ಸಾ ಎಂದು ಇನ್ನೊಬ್ಬಳು ಕೇಳಿದಳು. ಕಂಪ್ಯೂಟರಿಗೆ ಪಾಠ ಹೇಳಿಕೊಡಲು ಆವತಿಯಿಂದ ಒಬ್ಬರು ಬಂದಿದ್ದರು ಅಂತ ಹೇಳುತ್ತೇನೆ ಎಂದ. ಮಕ್ಕಳು ನಕ್ಕರು. ಶಿಲ್ಪಳೂ ನಕ್ಕಳು, ಚುಕ್ಕೆಗಳ ನಡುವೆ. ಈ ಸಲದ ನಗು ತನ್ನ ಮೇಲೆಯೇ ಬಿದ್ದಿತ್ತು, ಅದು ಎಷ್ಟು ಹಗುರವಾಗಿದೆ ಎಂದು ಅವನಿಗೆ ಆಶ್ಚರ್ಯವಾಯಿತು.

ಉಮಾಶಂಕರ್ ಇಷ್ಟು ಹೊತ್ತೂ ಕೈಕಟ್ಟಿ ನಿಂತಿದ್ದರು. ಅವರು ಚೀಲದ ಜಿಪ್ಪು ತೆಗೆದು ಕಂದು ಲಕೋಟೆಯನ್ನು ಮೇಜಿನ ಮೇಲಿಟ್ಟರು. ಪಾಠ ಬೇಡವಾಯಿತೇನೋ ಎಂದು ಭೀಮರಾಜ ಎದ್ದು ನಿಂತ. ಇದರಲ್ಲಿ ಇನ್ನೂ ಹದಿನಾಲ್ಕು ಅಭ್ಯಾಸಗಳಿವೆ ಅಲ್ಲವೇ ಎಂದು ಕೇಳಿದರು. ಹೌದೆಂದ. "ನಮ್ಮೋರು ನಾಲ್ಕು ಜನ ನೋಡಿದ್ರು ಕಣ್ರೀ. ನಾನೂ ಒಬ್ಬ. ಕೆಂಪು ಬಂತು, ಇನ್ನೊಂದ್ ಒತ್ತಿದೆ, ಮುಂದಕ್ ಹೋದೆ" ಎಂದರು. ಆಮೇಲೆ, ಹದಿನಾಲ್ಕನ್ನೂ ಈ ಹುಡುಗಿ ಕೈಯಲ್ಲಿ ಮಾಡಿಸಿ, ಅವಳು ಸರಿ ಅಂದ ಮೇಲೆ ಕಳಿಸಿ, ಜೂನಿಗೆ ಆಗದಿದ್ದರೆ ಜುಲೈ ಎಂದರು. ಬಸ್ಸು ಹೋಗಿತ್ತು. ಲಕ್ಷ್ಮಯ್ಯ ಅವರನ್ನು ಮುಂದಿನ ಬಸ್ಸಿಗೆ ಮುಟ್ಟಿಸಲು ಹೊರಟ. ಬಾಗಿಲಲ್ಲಿ ಅವರು ಶೂ ಹಾಕಿಕೊಳ್ಳುವಾಗ ಪಿನ್ನಿನ ಚಪ್ಪಲಿಯನ್ನು ತುಳಿಯದ ಹಾಗೆ ಪಕ್ಕಕ್ಕೆ ಸರಿಸಿಟ್ಟದ್ದನ್ನು ಭೀಮರಾಜ ನೋಡಿದ.

ಮಕ್ಕಳು ತಮ್ಮ ತಮ್ಮ ಜಾಗಕ್ಕೆ ಹೋದರು. ಅವನು ಶಿಲ್ಪಳ ಅಭ್ಯಾಸವನ್ನು ನಾಲ್ಕನೇ ಹೆಜ್ಜೆಯಿಂದ ಮುಂದಕ್ಕೆ ತೆರೆದುಕೊಟ್ಟ. ಅವಳು ಮೌಸು ಹಿಡಿದು ಬಗ್ಗಿ ಕೂತಳು. ಹಸಿರು, ಹಸಿರು. ಪೆಟ್ಟಿಗೆಗಳು ಒಂದನ್ನೊಂದು ದಾಟಿ ತಮ್ಮ ತಮ್ಮ ಜಾಗ ಸೇರುತ್ತಿದ್ದವು. ಒಂದು, ಎರಡು, ಮೂರು, ಆರು, ಆಮೇಲೆ ನೀಲಿ ಎಂಟು, ಅದರ ಹಿಂದೆ ಹಳದಿ ಎಂಟು. ಕೊನೆಯ ಒಂದು ಹೆಜ್ಜೆ ಉಳಿದಿತ್ತು, ಒಂದು ಮತ್ತು ಎರಡು ಮಿನುಗುತ್ತಿದ್ದವು, ಅವಳ ಬೆರಳು ಗುಂಡಿಯ ಮೇಲಿತ್ತು. ಕರೆಂಟು ಹೋಯಿತು. ಲ್ಯಾಬಿನ ತುಂಬ ಮಕ್ಕಳು ಅಯ್ಯೋ ಎಂದರು, ಎಲ್ಲರಿಗಿಂತ ಗಟ್ಟಿಯಾಗಿ ಅಂದವನು ಭೀಮರಾಜ. ಬೆಳಗಿನಿಂದ ಎಷ್ಟು ನೆವಗಳಿಗೆ ಹಾಯೆಂದಿದ್ದನೋ ಅವನೇ ಈಗ ಕಿಟಕಿಗೆ ಹೋಗಿ ರಸ್ತೆಯಾಚೆಯ ಅಂಗಡಿಯಲ್ಲಿ ದೀಪವಿದೆಯೇ ಎಂದು ಇಣುಕಿ ನೋಡಿದ, ಮೇನ್ ಸ್ವಿಚ್ಚಿನ ಹತ್ತಿರ ಹೋದ, ಮತ್ತೆ ಬಂದು ಕತ್ತಲು ಪರದೆಯ ಮುಂದೆ ನಿಂತ. ಶಿಲ್ಪ ಬೆರಳನ್ನು ಮೌಸಿನ ಮೇಲಿಂದ ತೆಗೆದಿರಲಿಲ್ಲ.

"ಬರುತ್ತೆ ಸಾ. ಕೂತ್ಕೊಳ್ಳಿ" ಎಂದಳು.

ಅವನು ಅವಳ ಪಕ್ಕದ ಕುರ್ಚಿಯಲ್ಲಿ ಕೂತುಕೊಂಡ.